ಬಾಲ ಅಡಗಿಸಿದ ಗಂಟು

ನನ್ನ ಕಿವಿಯಂಥ ಕಿವಿ ಈ ಭೂಮಂಡಲದಲ್ಲಿ ಇನ್ನೊಂದು ಜೊತೆ ಇಲ್ಲ. ಇದು ಜಂಬವಲ್ಲ, ಪರಿಚಯ. ಮೂರನೇ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಲು ಬಾಯಿ ತೆರೆದರೆ, ತುಟಿಯಿಂದ ತುಟಿ ಬೇರೆಯಾದ ಸದ್ದು ನನಗೆ ಇಲ್ಲಿ ಕೂತಲ್ಲೇ ಕೇಳಿಸುತ್ತದೆ. ಲೋಟದ ನೀರಿನಲ್ಲಿ ಸಕ್ಕರೆ ಕರಗುವಾಗ ಕೊನೆಯ ಹರಳು ಯಾವಾಗ ಕರಗಿತು ಎಂದು ಬೆನ್ನು ತಿರುಗಿಸಿಕೊಂಡು ಹೇಳಬಲ್ಲೆ. ಒಮ್ಮೆ ನಮ್ಮ ಗೋಡೆಯ ಮೇಲೆ ಒಂದು ಜೇಡ ಕುಂಟುತ್ತಿತ್ತು. ಎಂಟರಲ್ಲಿ ಯಾವ ಕಾಲು ನೋಯುತ್ತಿದೆ ಎಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಹೆಂಡತಿ ಭೂತಗನ್ನಡಿ ತಂದು ನೋಡಿದಳು, ಸರಿಯಾಗಿತ್ತು. ಅವಳು ಇದನ್ನು ಒಪ್ಪುವುದಿಲ್ಲ. ಭೂತಗನ್ನಡಿಯೇ ನಮ್ಮ ಮನೆಯಲ್ಲಿಲ್ಲ ಎನ್ನುತ್ತಾಳೆ.

ಬಸ್ ನಿಲ್ದಾಣದ ಗೂಡಿನಲ್ಲಿ ಕೂತು ಮೂವತ್ತೊಂದು ವರ್ಷ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗಿದವನು ನಾನು. ತಲೆಯ ಮೇಲೆ ಒಂದು ಸ್ಪೀಕರು, ಎದುರಿಗೆ ನಲವತ್ತು ಎಂಜಿನ್ನು, ಪಕ್ಕದಲ್ಲಿ ಸದಾ ಒಂದು ಜಗಳ. ಬೇರೆಯವರ ಕಿವಿಯಾಗಿದ್ದರೆ ಎರಡನೇ ವರ್ಷವೇ ರಾಜೀನಾಮೆ ಕೊಟ್ಟು ಹೋಗುತ್ತಿದ್ದವು. ನನ್ನವು ಅಲ್ಲಿಯೇ ಸಾಣೆ ಹಿಡಿಸಿಕೊಂಡವು. ಅದಕ್ಕೇ ನಿವೃತ್ತನಾದ ಮೇಲೆ ನಮ್ಮ ಕೇಳುಗರ ಸಂಘದಲ್ಲಿ ನನಗೆ ಮೊದಲ ಸಾಲಿನ ಕುರ್ಚಿ ಸಿಕ್ಕಿತು. ಏಳು ಜನರ ಸಂಘ. ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರ ಮುಂಗೋಣೆಯಲ್ಲಿ ಸೇರಿ ಸಂಗೀತ ಕೇಳುತ್ತೇವೆ. ಕೇಳುವುದು ಕಾಲು ಗಂಟೆ, ಕೇಳಿದ್ದರ ಬಗ್ಗೆ ಮಾತಾಡುವುದು ಮೂರು ಗಂಟೆ.

ಆದರೆ ನಾನು ಹೇಳಹೊರಟಿದ್ದು ನನ್ನ ಕತೆಯಲ್ಲ, ನನ್ನ ನಾದಿನಿಯದು.

ಹೆಂಡತಿಯ ತಂಗಿ ಇವಳು, ಅಕ್ಕನಿಗಿಂತ ಆರು ವರ್ಷ ಚಿಕ್ಕವಳು. ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಎರಡು ಕೋಣೆ ಮಾಡಿಕೊಂಡಿದ್ದಾಳೆ. ಒಂದರಲ್ಲಿ ಅವಳಿರುತ್ತಾಳೆ, ಇನ್ನೊಂದರಲ್ಲಿ ಬಾಯಿ ತೆರೆದು ಬಿದ್ದ ರೇಡಿಯೋಗಳು, ಆಂಪ್ಲಿಫೈಯರುಗಳು ಇರುತ್ತವೆ. ಇಡೀ ಬೀದಿ ಅವಳನ್ನು ಕರೆಯುವುದು ಗಂಟಕ್ಕ ಎಂದು. ಆ ಹೆಸರು ಕಾರ್ಖಾನೆಯಲ್ಲಿ ಹುಟ್ಟಿದ್ದು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆಂಪ್ಲಿಫೈಯರು ಮಾಡುವ ಒಂದು ಕಾರ್ಖಾನೆಗೆ ಸೇರಿದಳು. ಅವಳ ಕೆಲಸ ತಂತಿ ಹೆಣೆಯುವುದು. ಒಂದು ಉದ್ದನೆಯ ಹಲಗೆ, ಅದರ ತುಂಬ ಮೊಳೆಗಳು. ಕೆಂಪು, ಕರಿ, ಹಳದಿ, ನೀಲಿ ಒಂದೊಂದು ತಂತಿಗೂ ಆ ಮೊಳೆಗಳ ನಡುವೆ ಒಂದೊಂದು ದಾರಿ ಗೊತ್ತುಮಾಡಿರುತ್ತಿತ್ತು. ಎಲ್ಲವನ್ನೂ ಮಲಗಿಸಿದ ಮೇಲೆ ಮೇಣ ಹಚ್ಚಿದ ದಾರದಿಂದ ಎರಡೆರಡು ಬೆರಳಿಗೊಂದು ಗಂಟು ಬಿಗಿದು, ಇಡೀ ಕಟ್ಟನ್ನು ಹಲಗೆಯಿಂದ ಎತ್ತಿದರೆ ಮೀನಿನ ಅಸ್ಥಿಪಂಜರದಂತೆ ಒಂದೇ ತುಂಡಾಗಿ ಮೇಲೆ ಬರುತ್ತಿತ್ತು. ಅಲ್ಲಿನ ಹೆಂಗಸರು ಅದನ್ನು ಜಡೆ ಎನ್ನುತ್ತಿದ್ದರು. ಹನ್ನೊಂದು ಜನ ಹೆಂಗಸರು, ಹನ್ನೊಂದು ಹಲಗೆ, ದಿನಕ್ಕೆ ತಲಾ ಹದಿನಾಲ್ಕು ಜಡೆ.

ಜಡೆಯ ಕೊನೆಯ ಗಂಟು ಮಾತ್ರ ಅವರವರ ಸ್ವಂತದ್ದು. ಯಾರೂ ಹೇಳಿಕೊಟ್ಟದ್ದಲ್ಲ, ಹೇಗೋ ಬೆಳೆದು ಬಂದ ಅಭ್ಯಾಸ. ಒಬ್ಬಳದು ಹೂವಿನ ಹಾಗೆ, ಒಬ್ಬಳದು ಚೂರಿಯಿಂದ ಕತ್ತರಿಸಿದ ಹಾಗೆ ಮೊಂಡು. ನನ್ನ ನಾದಿನಿ ಎರಡು ಸುತ್ತು ಹಿಂದಕ್ಕೆ ಹಾಕಿ ದಾರದ ತುದಿಯನ್ನು ಸುತ್ತಿನೊಳಗೇ ತೂರಿಸಿಬಿಡುತ್ತಿದ್ದಳು, ಬೆಕ್ಕು ಬಾಲ ಅಡಗಿಸಿಕೊಂಡು ಮಲಗಿದ ಹಾಗೆ. ಮೇಸ್ತ್ರಿ ಮೊದಲು ಗೊಣಗಿದ. ಆಮೇಲೆ ಯಾವ ಜಡೆ ಕೆಟ್ಟರೆ ಯಾರ ಜಡೆ ಹಿಡಿಯಬೇಕು ಎಂದು ಇದರಿಂದ ತಿಳಿಯುತ್ತದೆ ಎಂದು ಗೊತ್ತಾಗಿ ಸುಮ್ಮನಾದ. ಇಪ್ಪತ್ತೆರಡು ವರ್ಷದಲ್ಲಿ ಇವಳ ಜಡೆಯನ್ನು ಅವನು ಹಿಡಿದದ್ದಿಲ್ಲ.

ಅವಳಿಗೆ ಇದ್ದ ತಕರಾರು ಒಂದೇ, ಹತ್ತೊಂಬತ್ತನೇ ಮೊಳೆಯ ಮೇಲೆ. ಉಳಿದೆಲ್ಲ ಮೊಳೆಗಳು ಸೈನಿಕರ ಹಾಗೆ ಸಾಲಾಗಿ ನಿಂತಿದ್ದರೆ ಇದೊಂದು ಸಾಲು ಬಿಟ್ಟು ಮೂಲೆಯಲ್ಲಿ ಮುನಿಸಿಕೊಂಡು ನಿಂತಿತ್ತು. ಒಂದು ಹಳದಿ ತಂತಿ ನೆಟ್ಟಗೆ ಹೋಗುವುದು ಬಿಟ್ಟು ಅಲ್ಲಿಯವರೆಗೆ ಹೋಗಿ, ಮೊಳೆಯನ್ನು ಮಾತಾಡಿಸಿ, ವಾಪಸ್ಸು ಬರಬೇಕು. ಗೇಣು ತಂತಿ ದಂಡ, ಜಡೆಯೂ ಸೊಟ್ಟ. ಹಲಗೆಯ ನಕ್ಷೆ ಬರೆದ ಮುದುಕನ ಹತ್ತಿರ ಇವಳು ಹೋಗಿ ಜಗಳವನ್ನೇ ಆಡಿದಳು. ಆತ ಕನ್ನಡಕ ಒರೆಸಿಕೊಂಡು, "ಇರಲಿ ಬಿಡಮ್ಮ, ಅದು ಅಲ್ಲೇ ಇರಲಿ," ಎಂದನಂತೆ. ಏಕೆ ಎಂದು ಹೇಳಲಿಲ್ಲ. ಆ ಮುದುಕನಿಗೆ ಇವಳು ಇಪ್ಪತ್ತೆರಡು ವರ್ಷ ದಿನಕ್ಕೆ ಹದಿನಾಲ್ಕು ಸಲ ಬೈದಿದ್ದಾಳೆ. ಅಷ್ಟು ಬೈಗುಳಕ್ಕೆ ಬೇರೆಯವನಾಗಿದ್ದರೆ ಸವೆದೇ ಹೋಗುತ್ತಿದ್ದ.

ಕಾರ್ಖಾನೆ ಮುಚ್ಚಿತು. ಬೀಳ್ಕೊಡುಗೆಗೆ ಒಬ್ಬೊಬ್ಬರಿಗೂ ಒಂದೊಂದು ಆಂಪ್ಲಿಫೈಯರು ಕೊಟ್ಟರು. ಇವಳು ತನ್ನ ಗಂಟಿರುವುದನ್ನೇ ಹುಡುಕಿ ಎತ್ತಿಕೊಂಡು ಬಂದಳು. ಹಲಗೆ ಹೋಯಿತು, ಕೈಯಲ್ಲಿನ ಚಡಪಡಿಕೆ ಮಾತ್ರ ಉಳಿಯಿತು. ಅವಳ ಬೆರಳುಗಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ನಮ್ಮ ಮನೆಗೆ ಟೀ ಕುಡಿಯಲು ಬಂದರೆ, ಲೋಟ ಖಾಲಿಯಾಗುವಷ್ಟರಲ್ಲಿ ಫ್ರಿಜ್ಜಿನ ಹಿಂದಿನ ವೈರು ಜಡೆಯಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಅಕ್ಕನ ಪಾಳಿಗೆ ಕಾಯುತ್ತ ಕೂತವಳು ಅಲ್ಲಿನ ಎಲ್ಲ ಪರದೆಗಳ ದಾರವನ್ನೂ ಬಿಗಿದಿಟ್ಟು ಬಂದಳು. ಮರುದಿನ ಆಸ್ಪತ್ರೆಯವರು ಕಿಟಕಿ ತೆರೆಯಲು ಬಡಗಿಯನ್ನು ಕರೆಸಿದರು. ಒಂದು ಮಧ್ಯಾಹ್ನ ನಾನು ಅವಳ ಕೋಣೆಯಲ್ಲಿ ಕೂತಲ್ಲೇ ತೂಕಡಿಸಿಬಿಟ್ಟೆ. ಎದ್ದಾಗ ನನ್ನ ಪೈಜಾಮದ ಲಾಡಿ, ಕನ್ನಡಕದ ದಾರ, ಕುರ್ಚಿಯ ಕಾಲು ಮೂರೂ ಒಂದೇ ಕಟ್ಟಾಗಿದ್ದವು. ಕುರ್ಚಿಯ ಸಮೇತ ಮನೆಗೆ ಹೋದೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಗಂಟು ಹಾಕಿ ಹಾಕಿ ಸಾಕಾಗಿದೆ," ಎನ್ನುತ್ತಾಳೆ.

ಇನ್ನು ನಾನು ಮಾಡಿದ ಘನಕಾರ್ಯ.

ಹಲ್ಲಿನ ಡಾಕ್ಟರು ಹಳೆಯ ಆಂಪ್ಲಿಫೈಯರು ಒಂದನ್ನು ಎಲ್ಲಿಂದಲೋ ತಂದು ಸಂಘದಲ್ಲಿ ಇಟ್ಟರು. ಹಾಡು ಹಾಕಿದರು. ಎಡಗಡೆಯ ಸ್ಪೀಕರು ಯಾಕೋ ಮಂಕು, ಆಗಾಗ ಚಟಪಟ. ಎಲ್ಲರೂ ನನ್ನ ಮುಖ ನೋಡಿದರು. ಮೊದಲ ಸಾಲಿನ ಕುರ್ಚಿಯಲ್ಲಿ ಕೂತವನು ಏನಾದರೂ ಹೇಳಲೇಬೇಕಲ್ಲ. ಆಗಷ್ಟೇ ಯಾವುದೋ ಪತ್ರಿಕೆಯಲ್ಲಿ ಬೆಳ್ಳಿ ಲೇಪದ ತಂತಿಯ ವಿಷಯ ಓದಿ, ನನ್ನ ಆಂಪ್ಲಿಫೈಯರಿಗೆಂದು ಇಪ್ಪತ್ತು ಮೀಟರು ಸುರುಳಿಯನ್ನೇ ತರಿಸಿಕೊಂಡಿದ್ದೆ. ಕಣ್ಣು ಮುಚ್ಚಿ, ಗೋಣು ಓರೆ ಮಾಡಿ, ಒಂದು ಭಾಷಣ ಬಿಗಿದೆ. ಒಳಗಿನ ತಂತಿ ಕಳಪೆ. ಫ್ಯಾಕ್ಟರಿಯ ಹೆಂಗಸರು ಮನೆಗೆ ಹೋಗುವ ಗಡಿಬಿಡಿಯಲ್ಲಿ ಹೇಗೆಹೇಗೋ ಸುತ್ತಿಟ್ಟಿದ್ದಾರೆ. ಅದಕ್ಕೇ ಧ್ವನಿ ಕಂಬಳಿ ಹೊದ್ದುಕೊಂಡು ಬರುತ್ತಿದೆ. ಎಲ್ಲ ಕಿತ್ತು ಬೆಳ್ಳಿಯದು ಹಾಕಿದರೆ ಎದ್ದು ಕುಣಿಯುತ್ತದೆ. ಅದು ಯಾವ ಕಾರ್ಖಾನೆಯದು ಎಂದು ನನಗೆ ಗೊತ್ತಿರಲಿಲ್ಲವೇ? ಮುಂದೆಯೇ ಹೆಸರು ಬರೆದಿತ್ತು. ಆದರೆ ಮಾತಿನ ಭರದಲ್ಲಿರುವವನಿಗೆ ಓದಲು ಬಿಡುವೆಲ್ಲಿ.

ಡಾಕ್ಟರಿಗೆ ಇದು ಬಹಳ ಹಿಡಿಸಿತು. ಜೀವಮಾನವೆಲ್ಲ ಊರಿನವರ ಹಲ್ಲಿಗೆ ಚಿನ್ನದ ಟೋಪಿ ಹಾಕಿದವರು ಅವರು. ತಂತಿ ಬೆಳ್ಳಿಯದಾದರೆ ತುದಿಯ ಕನೆಕ್ಟರುಗಳು ಚಿನ್ನದ ಲೇಪದವೇ ಆಗಲಿ ಎಂದರು. ಮರುದಿನವೇ ಆಂಪ್ಲಿಫೈಯರನ್ನು ಎತ್ತಿಸಿಕೊಂಡು ಗಂಟಕ್ಕನ ಮೇಜಿಗೆ ಬಂದರು, ದಾರಿ ತೋರಿಸಲು ನಾನು ಜೊತೆಗೆ. ಅವಳು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಡಾಕ್ಟರು ಶುರುಮಾಡಿದರು.

"ತಂತಿ ಎಲ್ಲ ಕಿತ್ತುಹಾಕಿಬಿಡಿ. ಇದು ಚೆನ್ನಾಗಿ ಬಂದರೆ ಸಂಘದ ಉಳಿದ ಆರೂ ನಿಮ್ಮ ಹತ್ರಾನೇ ಬರ್ತವೆ. ನಿಮ್ಮ ಭಾವನೇ ಕಂಡುಹಿಡಿದದ್ದು. ಫ್ಯಾಕ್ಟರಿ ಹೆಂಗಸರು ಮನೆಗೆ ಹೋಗೋ ಗಡಿಬಿಡೀಲಿ ಸುತ್ತಿಟ್ಟಿದ್ದಾರೆ, ಅದಕ್ಕೇ ಧ್ವನಿ ಕಂಬಳಿ ಹೊದ್ಕೊಂಡಿದೆ ಅಂದ್ರು."

ನಾನು ಆಂಪ್ಲಿಫೈಯರಿನೊಳಗೆ ಬಗ್ಗಿ ನೋಡಿದೆ. ಜಡೆಯ ಕೊನೆಯಲ್ಲಿ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ, ಒಂದು ಪುಟ್ಟ ಗಂಟು ಬಾಲ ಅಡಗಿಸಿಕೊಂಡು ಮಲಗಿತ್ತು.

ಆವತ್ತು ಮೊದಲ ಸಲ ನಾನು ಗಂಟಕ್ಕನ ಕೈ ಅಲುಗದೆ ನಿಂತದ್ದನ್ನು ನೋಡಿದೆ. ಸ್ಕ್ರೂಡ್ರೈವರು ಹಿಡಿದ ಕೈ ಮೇಜಿನ ಮೇಲೆ ಹಾಗೇ ಇತ್ತು, ಬೇರೆ ಯಾರದೋ ಕೈಯನ್ನು ತಂದಿಟ್ಟಂತೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಎರಡು ವಾರ ಬೇಕು, ಇಟ್ಟು ಹೋಗಿ ಎಂದು ಡಾಕ್ಟರಿಗೆ ಹೇಳಿದಳು.

ಅವರು ಹೋದ ಮೇಲೆ ಕೇಳಿದಳು. "ಭಾವ, ನಿಜ ಹೇಳಿ. ಕಂಬಳಿ ಹೊದ್ದ ಹಾಗೆ ಕೇಳಿಸ್ತಾ?"

ಇಲ್ಲಿ ನಾನು ನಾಲಿಗೆ ಕಚ್ಚಿಕೊಂಡು, ತಪ್ಪಾಯಿತು ತಾಯಿ, ಬಾಯಿಚಪಲಕ್ಕೆ ಅಂದೆ ಎಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭೂಮಂಡಲದ ಏಕೈಕ ಕಿವಿಯ ಮಾನದ ಪ್ರಶ್ನೆ. "ಕೇಳಿಸ್ತು," ಎಂದೆ. "ಎಡಗಡೆ ದಪ್ಪ ಕಂಬಳಿ, ಬಲಗಡೆ ತೆಳು."

ಅಲ್ಲಿಂದ ಅವಳಿಗೆ ನಿದ್ದೆ ಊಟ ಎರಡೂ ಸರಿಹೋಗಲಿಲ್ಲ. ಎಡಗಡೆಯ ಮಂಕಿಗೆ ಕಾರಣ ಅವಳು ಅದೇ ದಿನ ಕಂಡುಹಿಡಿದಳು. ಜಡೆಯ ತುದಿಯಲ್ಲಿ ಸ್ಪೀಕರಿಗೆ ಹೋಗುವ ಕಡೆ ಒಂದು ಸಿಕ್ಕಿಸುವ ಕ್ಲಿಪ್ಪು ಇತ್ತು. ಇಪ್ಪತ್ತೈದು ವರ್ಷದ ಗಾಳಿಗೆ ಅದು ಕಪ್ಪಗಾಗಿ, ಸಡಿಲವಾಗಿ, ಹಿಡಿದೂ ಹಿಡಿಯದ ಹಾಗೆ ಕೂತಿತ್ತು. ಪೆನ್ಸಿಲು ಅಳಿಸುವ ರಬ್ಬರಿನಿಂದ ಉಜ್ಜಿ, ಇಕ್ಕಳದಿಂದ ಒಂದು ಚೂರು ಬಿಗಿ ಮಾಡಿದಳು. ಚಟಪಟ ನಿಂತಿತು, ಎಡವೂ ಬಲವೂ ಒಂದೇ ಆಯಿತು. ಬೇರೆ ಯಾರಾದರೂ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಇವಳಿಗೆ ಸಮಾಧಾನವಾಗಲಿಲ್ಲ. ಎಡಗಡೆಯದು ಕ್ಲಿಪ್ಪಿನ ತಪ್ಪು, ಸರಿ. ಭಾವ ಬಲಗಡೆಗೂ ತೆಳು ಕಂಬಳಿ ಅಂದರಲ್ಲ. ಅದು ತಂತಿಯದಾಗಿದ್ದರೆ? ಬೆಳ್ಳಿ ಹಾಕಿದರೆ ನಿಜವಾಗಿಯೂ ಮೇಲಾಗುವ ಹಾಗಿದ್ದರೆ? ದಿನಕ್ಕೆ ಹದಿನಾಲ್ಕರಂತೆ ಇಪ್ಪತ್ತೆರಡು ವರ್ಷ ತಾನು ಮನೆಮನೆಗೂ ಕಳಿಸಿದ್ದು ಕಂಬಳಿಯನ್ನೇ?

ಕಾಲು ಸುಟ್ಟ ಬೆಕ್ಕಿನ ಹಾಗೆ ಕೆಳಗಿನ ಮಹಡಿಯಲ್ಲಿ ತಿರುಗುತ್ತಿದ್ದಳು. ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ಮೇಜಿಗೆ. ಹೆಜ್ಜೆಯ ಸದ್ದಿನಿಂದಲೇ ನನಗೆ ಅವಳ ಚಪ್ಪಲಿ ಎಷ್ಟು ಸವೆಯಿತು ಎಂದು ಲೆಕ್ಕ ಸಿಗುತ್ತಿತ್ತು. ನಾಲ್ಕನೇ ದಿನಕ್ಕೆ ಚಪ್ಪಲಿ ಮುಗಿದು ನೆಲ ಸವೆಯತೊಡಗಿತ್ತು. ನನ್ನ ಹೆಂಡತಿ ಮೂರು ಸಲ ಕೆಳಗೆ ಹೋಗಿ ಬಂದು, ನಾಲ್ಕನೇ ಸಲ ನನ್ನ ಎದುರು ನಿಂತಳು. ಏನು ಅಂದಿರಿ ಅವಳಿಗೆ ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೂ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಬೆಳ್ಳಿ ತಂತಿಯ ಸುರುಳಿ ತೆಗೆದುಕೊಂಡು ಹೋಗಿ ನಾದಿನಿಯ ಮೇಜಿನ ಮೇಲಿಟ್ಟೆ. ಬೇಕಾದರೆ ಪರೀಕ್ಷೆ ಮಾಡಿನೋಡು ಎಂದೆ.

ಅವಳು ಡಾಕ್ಟರದನ್ನು ಮುಟ್ಟಲಿಲ್ಲ. ಕಪಾಟಿನಿಂದ ತನ್ನದೇ ಬೀಳ್ಕೊಡುಗೆಯ ಆಂಪ್ಲಿಫೈಯರು ತೆಗೆದಳು. ಅದೇ ಮಾದರಿ, ಅದೇ ಗಂಟು. ಒಂದೊಂದೇ ಬೆಸುಗೆ ಬಿಡಿಸಿ ಜಡೆಯನ್ನು ಇಡಿಯಾಗಿ ಎತ್ತಿ ಹಳೇ ದಿನಪತ್ರಿಕೆಯ ಮೇಲೆ ಮಲಗಿಸಿದಳು. ಆಮೇಲೆ ಬೆಳ್ಳಿ ತಂತಿ. ಹೊಸ ತಂತಿ ದಪ್ಪ, ಬಗ್ಗದ ಜಾತಿ. ಎರಡು ದಿನ ಕೂತು ಹಾಕಿದಳು, ತುದಿಗೆ ಡಾಕ್ಟರು ಕೊಟ್ಟ ಚಿನ್ನದ ಕನೆಕ್ಟರು. ಮುಗಿದ ಮೇಲೆ ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಪ್ರತಿ ತಂತಿಯೂ ರೂಲರು ಇಟ್ಟು ಗೀಟೆಳೆದ ಹಾಗೆ ನೆಟ್ಟಗೆ. ಕೊನೆಗೂ ನನ್ನ ಮನಸ್ಸಿನಂತೆ ಒಂದು ನೆಟ್ಟಗಿನ ಜಡೆ ಹೆಣೆದೆ ಎಂದಳು. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

ಭಾನುವಾರ ಸಂಘಕ್ಕೆ ಚಕ್ಕರ್ ಹೊಡೆದು ನಾನು ಪರೀಕ್ಷೆಗೆ ಕೂತೆ. ಎದುರಿಗೆ ಎರಡು ಸ್ಪೀಕರು, ಬೆನ್ನ ಹಿಂದೆ ಮೇಜಿನ ಮೇಲೆ ಎರಡು ಆಂಪ್ಲಿಫೈಯರು, ಬೆಳ್ಳಿ ಹಾಕಿದ ಅವಳದೊಂದು, ಹಳೆಯ ಜಡೆಯ ಡಾಕ್ಟರದೊಂದು, ಎರಡರ ಮೇಲೂ ಹೊದಿಕೆ. ನಡುವೆ ಒಂದು ಸ್ವಿಚ್ಚಿನ ಡಬ್ಬಿ, ಅದು ನಾದಿನಿಯ ಕೈಯಲ್ಲಿ. ಎರಡರ ಜೋರನ್ನೂ ಅವಳು ಮೀಟರಿಟ್ಟು ಸಮ ಮಾಡಿದ್ದಳು. ಒಂದು ಕೂದಲೆಳೆಯಷ್ಟು ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದಂತೆ. ಬೇರೆಯವರ ಕಿವಿ ಎಂದೆ. ನನ್ನ ಹೆಂಡತಿ ಒಂದು ನಾಣ್ಯ ಚಿಮ್ಮುವುದು, ತಲೆ ಬಿದ್ದರೆ ಬೆಳ್ಳಿ, ಇಲ್ಲದಿದ್ದರೆ ಹಳೆಯದು. ಅವಳು ಸನ್ನೆ ಮಾಡಿದಂತೆ ತಂಗಿ ಸ್ವಿಚ್ಚು ಒತ್ತುವುದು. ನಾನು ಕೇಳಿ ಯಾವುದೆಂದು ಹೇಳುವುದು. ನಾದಿನಿ ಒಬ್ಬಂಟಿ ಪಿಟೀಲಿನ ಒಂದು ಗ್ರಾಮಫೋನು ತಟ್ಟೆ ಹಾಕಿದಳು.

ಹತ್ತು ಸುತ್ತು. ಹತ್ತೂ ಸರಿ.

ಆಣೆ ಮಾಡಿ ಹೇಳುತ್ತೇನೆ, ನನಗೆ ನಿಜವಾಗಿಯೂ ಕೇಳಿಸಿತು. ಬೆಳ್ಳಿಯದರಲ್ಲಿ ಏನೋ ಇತ್ತು, ಹಳೆಯದರಲ್ಲಿ ಇಲ್ಲದ್ದು. ಗೆದ್ದ ಹುಮ್ಮಸ್ಸಿನಲ್ಲಿ ನಾನು ಕುರ್ಚಿ ತಿರುಗಿಸಿ, "ಬೆಳ್ಳಿಗೆ ಒಂಥರಾ ಆಳ ಇದೆಯಮ್ಮ, ಆಳ," ಎಂದೆ. ಎಂದಮೇಲೆ ಅವಳ ಮುಖ ನೋಡಿದೆ.

ಅವಳು ಸ್ವಿಚ್ಚಿನ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ಸರಿ ಭಾವ ಎಂದಳು. ಎದ್ದು ಹಿತ್ತಿಲಿಗೆ ಹೋದಳು.

"ರೀ," ಎಂದಳು ನನ್ನ ಹೆಂಡತಿ, ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡು. "ಅವಳ ಇಪ್ಪತ್ತೆರಡು ವರ್ಷಾನ ಹತ್ತು ನಿಮಿಷದಲ್ಲಿ ಅಳಿಸಿಬಿಟ್ರಿ."

ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ಅವಳು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು, ಕೈಯಲ್ಲಿ ಒಂದು ಹಗ್ಗದ ತುಂಡು. ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಗೆದ್ದವನು ಸೋತವನಿಗಿಂತ ಸಣ್ಣಗಾಗಿ ಕೂರುವುದು ಹೇಗೆ ಎಂದು ನಾನು ಅಂದು ಕಲಿತೆ. ಪಿಟೀಲು ಮುಗಿದು ತಟ್ಟೆ ಸುಮ್ಮನೆ ತಿರುಗುತ್ತಿತ್ತು. ನಿಲ್ಲಿಸುವ ಧೈರ್ಯವೂ ನಮಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಭಾವ, ಆ ಆಳ ಯಾವಾಗ ಕೇಳಿಸ್ತು? ಪಿಟೀಲು ಜೋರಾದಾಗಲೋ, ನಿಂತಾಗಲೋ?"

"ನಿಂತಾಗ," ಎಂದೆ. "ಎರಡು ಸ್ವರದ ಮಧ್ಯೆ ಸುಮ್ಮನಾಗುತ್ತಲ್ಲ, ಅಲ್ಲಿ. ಆಳ ಇರೋದೇ ಅಲ್ಲಿ. ಹಳೇದರಲ್ಲಿ ಆ ಜಾಗ ಬರೀ ಖಾಲಿ."

"ಸುಮ್ಮನಾದ ಜಾಗದಲ್ಲಿ ಏನೂ ಕೇಳಿಸಬಾರದಲ್ಲ ಭಾವ."

ಅವಳು ತಟ್ಟೆ ನಿಲ್ಲಿಸಿದಳು. ಬೆಳ್ಳಿಯದಕ್ಕೆ ಸ್ವಿಚ್ಚು ತಿರುಗಿಸಿ, ಹಾಡಿಲ್ಲದೆಯೇ ಜೋರಿನ ಗುಂಡಿಯನ್ನು ಪೂರ್ತಿ ಏರಿಸಿ, ಸ್ಪೀಕರಿನ ಕಾಗದದ ಮೇಲೆ ಅಂಗೈಯಿಟ್ಟಳು. ಅಕ್ಕನ ಕೈ ಎಳೆದು ಇಟ್ಟಳು. ಆಮೇಲೆ ನನ್ನದು. ಬೆಂಕಿಪೊಟ್ಟಣದಲ್ಲಿ ದುಂಬಿ ಕೂಡಿಹಾಕಿದಂತೆ ಒಳಗೆ ಗುಂಯ್ ಎನ್ನುತ್ತಿತ್ತು. ಹಳೆಯದಕ್ಕೆ ತಿರುಗಿಸಿದಳು. ಸ್ಪೀಕರು ಸತ್ತಂತೆ ಸುಮ್ಮನಿತ್ತು. ಅಂದರೆ ಭೂಮಂಡಲದ ಏಕೈಕ ಕಿವಿ ಮೆಚ್ಚಿ ಹತ್ತಕ್ಕೆ ಹತ್ತು ಕೊಟ್ಟದ್ದು ಕರೆಂಟಿನ ಗುಂಯ್‌ಗುಡುವಿಕೆಗೆ.

ಅವಳು ಹೊದಿಕೆ ಎಳೆದು, ಮುಚ್ಚಳ ತೆಗೆದು, ಒಳಗೆ ನೋಡಿದಳು. ರೂಲರಿನಂತೆ ನೆಟ್ಟಗೆ ಹೋಗಿದ್ದ ಒಂದು ತಂತಿ ಟ್ರಾನ್ಸ್‌ಫಾರ್ಮರಿನ ಮೈಗೆ ಮೈ ತಾಗಿಸಿಕೊಂಡು ಮಲಗಿತ್ತು. ಹಾಡನ್ನು ಒಯ್ಯುವ ತಂತಿ ಅದು. ಪಕ್ಕದ ಟ್ರಾನ್ಸ್‌ಫಾರ್ಮರಿನ ಗುನುಗನ್ನೂ ಹೊತ್ತುಕೊಂಡು ಹೋಗುತ್ತಿತ್ತು. ದಿನಪತ್ರಿಕೆಯ ಮೇಲೆ ಮಲಗಿದ್ದ ಹಳೆಯ ಜಡೆಯಲ್ಲಿ ಅದೇ ತಂತಿ, ಹಳದಿಯದು, ಗೇಣುದ್ದ ದೂರ ಹೋಗಿ ಸುತ್ತು ಹಾಕಿ ವಾಪಸ್ಸು ಬಂದಿತ್ತು.

"ಹತ್ತೊಂಬತ್ತನೇ ಮೊಳೆ," ಎಂದಳು.

ಮೊಣಕಾಲಿನ ಮೇಲೆ ಕೈಯಿಟ್ಟು ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕೇಳಿಸಲಿಲ್ಲ, ಇಂಥ ಕಿವಿಯಿದ್ದೂ. ಆ ಮುದುಕನಿಗೆ ಎಷ್ಟು ಬೈದೆ, ಒಂದು ಸಲ ಯಾಕೆ ಅಂತ ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತು ಅವನಿಗೆ ಎಂದು ಅಕ್ಕನ ಹತ್ತಿರ ಹೇಳಿಕೊಂಡಳು. ಹೇಳಿದ್ದರೂ ನೀನು ನೆಟ್ಟಗೇ ಮಾಡಿರುತ್ತಿದ್ದೆ ಎಂದಳು ಅಕ್ಕ.

ಮುಂದಿನ ಭಾನುವಾರದವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಬಗ್ಗದ ಬೆಳ್ಳಿ ತಂತಿಯನ್ನು ಇಕ್ಕಳದಿಂದ ಬಗ್ಗಿಸಿ, ಹತ್ತೊಂಬತ್ತನೇ ಮೊಳೆ ಇರಬೇಕಾದ ಕಡೆಯಿಂದ ಸುತ್ತಿಸಿ ತಂದಳು. ಗುಂಯ್ ನಿಂತಿತು. ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಪರೀಕ್ಷೆ. ಈ ಸಲ ಇಪ್ಪತ್ತು ಸುತ್ತು. ನನ್ನ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಲೇ ನಾಣ್ಯ ಚಿಮ್ಮಿದಳು.

ನಾನು ಉಸಿರು ಬಿಗಿಹಿಡಿದು ಕೇಳಿದೆ. ಎಡಗಿವಿ ಮುಚ್ಚಿ ಕೇಳಿದೆ, ಬಲಗಿವಿ ಮುಚ್ಚಿ ಕೇಳಿದೆ. ಒಂದೊಂದು ಸಲ ಬೆಳ್ಳಿ ಮಿಂಚಿದಂತಾಯಿತು. ಮರುಕ್ಷಣ ಎರಡೂ ಒಂದೇ ತಾಯಿಯ ಅವಳಿ ಮಕ್ಕಳಂತೆ ನಿಂತವು. ಕುರ್ಚಿಯ ಅಂಚಿಗೆ ಬಂದೆ, ಎದ್ದು ನಿಂತೆ, ಮತ್ತೆ ಕೂತೆ. ಹನ್ನೆರಡನೇ ಸುತ್ತಿಗೆ ಬೆವರು ಬಂತು. ಇಪ್ಪತ್ತರಲ್ಲಿ ಒಂಬತ್ತು ಸರಿ, ಹನ್ನೊಂದು ತಪ್ಪು. ಆಮೇಲೆ ನಾದಿನಿ ಅಕ್ಕನನ್ನು ಒಳಮನೆಗೆ ಕಳಿಸಿ, ಹಾಡೇ ಕೇಳಿಸದ ಜಾಗದಲ್ಲಿ ಕೂರಿಸಿ, ನಾಣ್ಯ ತಾನೇ ಚಿಮ್ಮಿ, ಸುಮ್ಮನೆ ಬಾಯಿಗೆ ಬಂದದ್ದು ಹೇಳು ಎಂದಳು. ಹುರುಳಿಕಾಯಿಯ ಕಡೆಯಿಂದ ತಲೆ ಎತ್ತದೆ ಅವಳು ಹನ್ನೊಂದು ಸರಿ ಹೇಳಿದಳು.

"ಭಾವ," ಎಂದಳು ನಾದಿನಿ, "ಬಲಗಡೆಯ ತೆಳು ಕಂಬಳಿ?"

ಇಂಗು ತಿಂದ ಮಂಗನ ಹಾಗೆ ನಾನು ಸ್ಪೀಕರು ನೋಡುತ್ತ ಕೂತೆ. ಕೊನೆಗೆ, ಇರಲಿಲ್ಲಮ್ಮ, ಅದು ನನ್ನ ಬಾಯಿಯದು ಎಂದು ಒಪ್ಪಿಕೊಂಡೆ. ಅವಳು ಡಾಕ್ಟರ ಆಂಪ್ಲಿಫೈಯರಿನ ಮುಂದೆ ಹೋಗಿ, ಬೆರಳ ತುದಿಯಿಂದ ಆ ಬಾಲ ಅಡಗಿಸಿದ ಗಂಟನ್ನು ಒಮ್ಮೆ ಒತ್ತಿ ನೋಡಿದಳು. ಅಲುಗಲಿಲ್ಲ.

ಹೇಳಿದ ದಿನಕ್ಕೆ ಡಾಕ್ಟರು ಬಂದರು. ಅವಳು ಸುತ್ತಿಬಳಸಲಿಲ್ಲ. ತಂತಿ ಬದಲಾಯಿಸಿಲ್ಲ ಎಂದಳು. ಕಪ್ಪಾದ ಕ್ಲಿಪ್ಪನ್ನು ಉಜ್ಜಿ ಬಿಗಿಮಾಡಿದ್ದು ಬಿಟ್ಟರೆ ಏನೂ ಮಾಡಿಲ್ಲ. ಬೆಳ್ಳಿ ಹಾಕಿಯೂ ನೋಡಿದೆ, ಸರಿಯಾಗಿ ಹಾಕಿದರೆ ವ್ಯತ್ಯಾಸವಿಲ್ಲ, ನನ್ನ ಹಾಗೆ ಜಂಬದಿಂದ ನೆಟ್ಟಗೆ ಹಾಕಿದರೆ ಗುಂಯ್ ಅನ್ನುತ್ತದೆ. ಉಳಿದ ಆರೂ ಕಳಿಸಿ, ಒಳಗೆ ಸಡಿಲವಾದದ್ದು, ಕಪ್ಪಾದದ್ದು ಇದ್ದರೆ ಸರಿಮಾಡಿಕೊಡುತ್ತೇನೆ, ಚೆನ್ನಾಗಿರುವುದನ್ನು ಮಾತ್ರ ಕೀಳಲಾರೆ ಎಂದಳು. ಡಾಕ್ಟರ ಮುಖ ಇಳಿದುಹೋಯಿತು. ಹಲ್ಲು ಗಟ್ಟಿಯಾಗಿದೆ, ಕೀಳಬೇಕಾಗಿಲ್ಲ ಎಂದು ಯಾರೋ ಅವರ ಕುರ್ಚಿಯಲ್ಲಿ ಅವರಿಗೇ ಹೇಳಿದಂತೆ.

"ಚಿನ್ನದ ಕನೆಕ್ಟರಾದ್ರೂ?" ಎಂದು ಕೇಳಿದರು, ಮಗುವಿನ ಹಾಗೆ.

ಅದಕ್ಕೆ ಅವಳು ಯೋಚಿಸಿದಳು. ಚಿನ್ನದಿಂದ ಹಾಡು ಚಿನ್ನವಾಗುವುದಿಲ್ಲ, ಆದರೆ ಚಿನ್ನ ಕಪ್ಪಾಗುವುದಿಲ್ಲ. ಇನ್ನು ಇಪ್ಪತ್ತೈದು ವರ್ಷ ಮುಚ್ಚಳ ತೆಗೆಯದೆ ಇರುವ ಅಂದಾಜಿದ್ದರೆ ಆ ಒಂದು ಕ್ಲಿಪ್ಪಿನ ಜಾಗಕ್ಕೆ ಹಾಕಿಸಿಕೊಳ್ಳಿ ಎಂದಳು. ಡಾಕ್ಟರಿಗೆ ಎಪ್ಪತ್ತೊಂದು. ಇಪ್ಪತ್ತೈದು ವರ್ಷದ ಮಾತು ಕೇಳಿ ಅವರ ಮುಖ ಬೆಳಗಿತು. ಅಲ್ಲೇ ಕೂತು ಹಾಕಿಸಿಕೊಂಡು ಹೋದರು. ಸಂಘದಲ್ಲಿ ಈಗ ಅವರು ಎಡಗಡೆಯ ಸ್ಪೀಕರು ಬಲಗಡೆಗಿಂತ ಶ್ರೀಮಂತವಾಗಿ ಕೇಳಿಸುತ್ತದೆ ಎನ್ನುತ್ತಾರೆ. ನಾನು ತುಟಿ ಬಿಚ್ಚುವುದಿಲ್ಲ. ಈಗ ನನ್ನದು ಎರಡನೇ ಸಾಲಿನ ಕುರ್ಚಿ.

ಆ ಸಂಜೆಯೇ ಅವಳು ತನ್ನ ಆಂಪ್ಲಿಫೈಯರಿನಿಂದ ಬೆಳ್ಳಿಯನ್ನೆಲ್ಲ ಕಿತ್ತು, ದಿನಪತ್ರಿಕೆಯ ಮೇಲಿದ್ದ ಜಡೆಯನ್ನು ಮತ್ತೆ ಅದರ ಜಾಗದಲ್ಲಿ ಮಲಗಿಸಿದಳು. ಹಳದಿ ತಂತಿಯ ಸೊಟ್ಟ ಸುತ್ತಿಗೆ ಒಂದು ಗಂಟು ಹೆಚ್ಚೇ ಹಾಕಿದಳು, ಬಾಲ ಅಡಗಿಸಿ. ಮೇಲಿನ ಮಹಡಿಯಲ್ಲಿ ಕೂತ ನನಗೆ ಅವಳ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ಅವಳು ನಡೆಯುತ್ತಿರಲಿಲ್ಲ ಎಂದು ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು.

ಮೂರು ದಿನ ಬಿಟ್ಟು ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಗೋಡೆಯಿಂದ ಗೋಡೆಗೆ, ಅವಳು ಅಂದು ಸುತ್ತಿದ್ದ ದಾರಿಯಲ್ಲೇ, ಹೊಸದೊಂದು ತಂತಿ ಬಿಗಿದಿತ್ತು. ಎರಡು ತುದಿಗೂ ಅದೇ ಗಂಟು. ಅದರ ಮೇಲೆ ಟವೆಲ್ಲು, ದಿಂಬಿನ ಚೀಲ, ಸಾಲಾಗಿ ನನ್ನ ನಾಲ್ಕು ಬನಿಯನ್ನು. ಹತ್ತಿರ ಹೋಗಿ ನೋಡಿದರೆ ನನ್ನ ಸುರುಳಿಯಲ್ಲಿ ಮಿಕ್ಕ ಬೆಳ್ಳಿ ತಂತಿ. ನಾದಿನಿ ಬಟ್ಟೆಗೆ ಕ್ಲಿಪ್ಪು ಹಾಕುತ್ತಿದ್ದಳು, ಇನ್ನೆರಡು ಕ್ಲಿಪ್ಪು ಬಾಯಲ್ಲಿ.

"ಏನಮ್ಮ ಇದು," ಎಂದೆ, "ಬೆಳ್ಳಿ ತಂತಿ ಮೇಲೆ ಬಟ್ಟೆ ಬೇಗ ಒಣಗುತ್ತಾ?"

ಅವಳು ಬಾಯಿಂದ ಕ್ಲಿಪ್ಪು ತೆಗೆದಳು.

"ಬೇಗ ಏನೂ ಒಣಗಲ್ಲ ಭಾವ. ಆದರೆ ನಿಮ್ಮ ಬನಿಯನ್ನಿಗೆ ಒಂಥರಾ ಆಳ ಬಂದಿದೆ."